ಗಿಳಿ ಮರಿ ತರುವ ಮೊದಲು ಗುಟುಕು ಬಿಟ್ಟಿದೆಯಾ ನೋಡಿ

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ರಟ್ಟಿನ ಡಬ್ಬವೊಂದನ್ನು ಎದೆಗೆ ಅವಚಿಕೊಂಡು ಬಂದಳು. ಒಳಗೆ ನಾಲ್ಕೈದು ವಾರದ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಮರಿ. ಪುಕ್ಕ ಪೂರ್ತಿ ಬಿಚ್ಚಿರಲಿಲ್ಲ, ಕತ್ತಿನ ಹತ್ತಿರ ಇನ್ನೂ ಮುಳ್ಳುಮುಳ್ಳಾಗಿ ನಿಂತಿತ್ತು. ಜೊತೆಗೆ ಒಂದು ಸಿರಿಂಜ್, ಕಲಸಿ ತಿನ್ನಿಸುವ ಪುಡಿಯ ಒಂದು ಪೊಟ್ಟಣ. "ಕೈಯಲ್ಲೇ ತಿನ್ನಿಸಿದ್ರೆ ನಮಗೇ ಹೊಂದ್ಕೊಳ್ಳುತ್ತಂತೆ ಆಂಟಿ, ಅಂಗಡಿಯವರು ಹೇಳಿದ್ರು" ಅಂದಳು.

ಏಳು ವರ್ಷದ ಹಿಂದೆ ನಾನೂ ಇದೇ ಮಾತು ನಂಬಿ ಅಷ್ಟೇ ವಯಸ್ಸಿನ ಮರಿ ತಂದಿದ್ದೆ. ತಿನಿಸನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಬೆರಳಿಗೆ ಹಚ್ಚಿಕೊಂಡು ನೋಡಿ, ಬೆಚ್ಚಗಿದೆ ಅಂತ ಕೊಟ್ಟುಬಿಟ್ಟೆ. ಮೇಲೆ ಬೆಚ್ಚಗಿದ್ದರೂ ನಡುವೆ ಸುಡುವಷ್ಟು ಬಿಸಿ ಇತ್ತು. ಕತ್ತಿನ ಬುಡದಲ್ಲಿ ತಿಂದದ್ದು ನಿಲ್ಲುವ ಚೀಲ ಇರುತ್ತಲ್ಲ, ಅದು ಒಳಗೇ ಸುಟ್ಟು ತೂತಾಯಿತು. ಹನ್ನೊಂದನೇ ದಿನ ಮರಿ ಸತ್ತಿತು. ನೀವು ಹಾಗೆ ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಯಾವ ಗಿಳಿ ಅಂತ ತೀರ್ಮಾನಿಸಿ

ನಮ್ಮ ತೋಟ, ಬೀದಿ ಮರಗಳಲ್ಲಿ ಕಾಣುವ ಹಸಿರು ಗಿಳಿಗೆ 'ಸರಿಯಾದ ವಯಸ್ಸು' ಅನ್ನೋದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲವೂ ಅಪರಾಧ. ಪೊಟರೆಯಿಂದ ಕಿತ್ತು ತಂದ ಮರಿಗಳೇ ಕದ್ದುಮುಚ್ಚಿ ಮಾರಾಟ ಆಗುವುದು. ಎಲ್ಲಾದರೂ ಬಿದ್ದ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಉಳಿದದ್ದು ಹೊರದೇಶದ ತಳಿಗಳು. ಬಡ್ಜಿ ಅನ್ನುವ ಪುಟ್ಟ ಗಿಳಿ, ಕಾಕಟೀಲ್ ಸಾಕುವವರೇ ನಮ್ಮಲ್ಲಿ ಜಾಸ್ತಿ. ಆಫ್ರಿಕನ್ ಗ್ರೇ ಅನ್ನುವ ದೊಡ್ಡ ಬೂದು ಗಿಳಿಯ ಥರದ್ದು ಬೇಕೆಂದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಕಾಗದಪತ್ರ ಇಲ್ಲದೆ ಮುಟ್ಟಲೇಬೇಡಿ. ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದು–ಇಪ್ಪತ್ತು ವರ್ಷ ಬದುಕುತ್ತದೆ, ಗ್ರೇ ನಲವತ್ತು ದಾಟುತ್ತದೆ. ಮಕ್ಕಳ ಆಸೆಗೆ ತರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

2. ವಾರದ ಲೆಕ್ಕ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ

ಬಡ್ಜಿ ಮರಿ ಸುಮಾರು ಐದು ವಾರಕ್ಕೆ ಗೂಡು ಬಿಡುತ್ತದೆ, ಆರರಿಂದ ಎಂಟು ವಾರದೊಳಗೆ ತಾನೇ ತಿನ್ನಲು ಕಲಿಯುತ್ತದೆ. ಕಾಕಟೀಲ್‌ಗೆ ಎಂಟರಿಂದ ಹತ್ತು ವಾರ ಬೇಕು. ಹಾಗಾಗಿ ಬಡ್ಜಿಯನ್ನು ಎಂಟು ವಾರ ಆದ ಮೇಲೆ, ಕಾಕಟೀಲನ್ನು ಹತ್ತು–ಹನ್ನೆರಡು ವಾರ ಆದ ಮೇಲೆ ತನ್ನಿ. ಗ್ರೇ ಮರಿಗೆ ನಾಲ್ಕು ತಿಂಗಳೂ ಸಾಲದೆ ಹೋಗಬಹುದು.

ಆದರೆ ಎಲ್ಲ ಮರಿಗಳೂ ಒಂದೇ ದಿನ ಕಲಿಯುವುದಿಲ್ಲ, ನಮ್ಮ ಮಕ್ಕಳು ನಡೆಯೋದು ಕಲಿಯೋ ಹಾಗೇ ಅಲ್ವಾ? ಅಂಗಡಿಯವರು ಹೇಳುವ ವಯಸ್ಸಿಗಿಂತ ಗುಟುಕು ಬಿಟ್ಟಿದೆಯೋ ಇಲ್ಲವೋ, ಅಂದರೆ ಯಾರೂ ತಿನ್ನಿಸದೆ ತಾನೇ ತಿನ್ನುತ್ತದೆಯೋ ಅನ್ನುವುದೇ ಮುಖ್ಯ.

3. ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ

ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಮರಿ ಕಾಳಿನ ಬಟ್ಟಲ ಹತ್ತಿರ ಹೋಗಿ ಕೊಕ್ಕು ಆಡಿಸಿದ ಮಾತ್ರಕ್ಕೆ ತಿಂದ ಹಾಗಲ್ಲ, ಸುಮ್ನೆ ಕಾಳನ್ನು ಹೊರಳಿಸಿ ಬಿಡುವ ಮರಿಗಳು ಬೇಕಾದಷ್ಟಿವೆ. ಬಟ್ಟಲಿನ ಸುತ್ತ ನೋಡಿ. ನಿಜವಾಗಿ ತಿಂದಿದ್ದರೆ ನವಣೆಯ ಸಿಪ್ಪೆ ಹಗುರಾಗಿ, ಎರಡು ಹೋಳಾಗಿ, ಒಳಗೆ ಟೊಳ್ಳಾಗಿ ಬಿದ್ದಿರುತ್ತದೆ, ಊದಿದರೆ ಹಾರಿಹೋಗುತ್ತದೆ. ಕಾಳು ಇಡಿಯಾಗಿಯೇ ಬಿದ್ದಿದ್ದರೆ ಮರಿ ಇನ್ನೂ ಕಲಿತಿಲ್ಲ.

ಸಂಜೆ ಹೊತ್ತು ಹೋದರೆ ಇನ್ನೂ ಒಳ್ಳೆಯದು. ತಿನಿಸಿನ ಚೀಲ ತುಂಬಿ ಉಬ್ಬಿರಬೇಕು, ಅದೂ ಯಾರೂ ಸಿರಿಂಜ್ ಹಿಡಿಯದೆ. ಮನುಷ್ಯರನ್ನು ಕಂಡ ಕೂಡಲೇ ತಲೆ ಮೇಲೆ ಕೆಳಗೆ ಆಡಿಸುತ್ತಾ ಒಂದೇ ಸಮನೆ ಕಿರುಚುತ್ತಿದ್ದರೆ ಅದು ಪ್ರೀತಿ ಅಲ್ಲ, ಹಸಿವು. ಹಾಗಿದ್ದರೆ ಮುಂಗಡ ಕೊಟ್ಟು ಬನ್ನಿ, ಎರಡು ವಾರ ಬಿಟ್ಟು ಮತ್ತೆ ಹೋಗಿ ನೋಡಿ. ಒಳ್ಳೆ ಸಾಕಣೆಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. 'ಈಗಲೇ ತಗೊಳ್ಳಿ, ಕಡಿಮೆ ಮಾಡ್ಕೊಡ್ತೀನಿ' ಅಂತ ಅವಸರಪಡಿಸುವವರ ಹತ್ತಿರ ತಗೊಳ್ಳಬೇಡಿ.

4. ಕಣ್ಣು, ಪುಕ್ಕ ನೋಡಿ ವಯಸ್ಸು ಅಂದಾಜು ಮಾಡಿ

ಎಳೇ ಬಡ್ಜಿಯ ಹಣೆಯಲ್ಲಿ ಕಪ್ಪು ಪಟ್ಟೆಗಳು ಮೂಗಿನವರೆಗೂ ಇಳಿದಿರುತ್ತವೆ, ಮೂರು–ನಾಲ್ಕು ತಿಂಗಳಲ್ಲಿ ಪುಕ್ಕ ಬದಲಾದಾಗ ಹಣೆ ಬರಿದಾಗುತ್ತದೆ. ಹೆಚ್ಚಿನ ಬಣ್ಣಗಳಲ್ಲಿ ಎಳೆಯದರ ಕಣ್ಣು ಪೂರ್ತಿ ಕಪ್ಪು, ಬೆಳೆದಂತೆ ಸುತ್ತ ಬಿಳಿ ಉಂಗುರ ಮೂಡುತ್ತದೆ. ಕಾಕಟೀಲ್‌ನಲ್ಲಿ ಎಳೆಯ ಗಂಡೂ ಹೆಣ್ಣಿನಂತೆಯೇ ಕಾಣುತ್ತದೆ. ಬೂದು ಬಣ್ಣದ್ದಾದರೆ ಆರು ತಿಂಗಳ ನಂತರ ಗಂಡಿನ ಮುಖ ಹಳದಿಯಾಗುತ್ತದೆ. ಅದಕ್ಕೇ ಎರಡು ತಿಂಗಳ ಮರಿಯನ್ನು ಬಣ್ಣ ನೋಡಿ 'ಗಂಡೇ' ಅಂತ ಖಚಿತವಾಗಿ ಹೇಳಿದರೆ ನಂಬಬೇಡಿ.

5. ದೊಡ್ಡ ಹಕ್ಕಿಯನ್ನೂ ಯೋಚಿಸಿ

ಒಂದೆರಡು ವರ್ಷದ ಹಕ್ಕಿ ಪಳಗುವುದೇ ಇಲ್ಲ ಅನ್ನುವುದು ತಪ್ಪು. ಊರು ಬಿಟ್ಟು ಹೋಗುವವರು ಕೊಡುವ ಕಾಕಟೀಲ್ ಎಷ್ಟೋ ಸಲ ಮೊದಲೇ ಕೈಗೆ ಬರುತ್ತಿರುತ್ತದೆ. ಈಗ ನಮ್ಮ ಮನೆಯಲ್ಲಿರುವುದು ಮೂರನೇ ವರ್ಷಕ್ಕೆ ಬಂದದ್ದು. ಎರಡು ತಿಂಗಳು ಪಂಜರದ ಪಕ್ಕ ಕೂತು ಪೇಪರ್ ಓದಿದೆ, ಅಷ್ಟೇ. ಆಮೇಲೆ ತಾನೇ ಹೆಗಲಿಗೆ ಬಂತು. ಮೊದಲ ಸಲ ಸಾಕುವವರಿಗೆ ನನ್ನ ಸಲಹೆ ಇದೇ.

6. ತಂದ ಮೊದಲ ವಾರ

ಹಳೇ ಮನೆಯಲ್ಲಿ ತಿನ್ನುತ್ತಿದ್ದ ಕಾಳನ್ನೇ ಕೊಡಿ, ತಕ್ಷಣ ಬದಲಿಸಬೇಡಿ. ಅಡುಗೆಮನೆಯಿಂದ ದೂರ ಇಡಿ, ನಾನ್‌ಸ್ಟಿಕ್ ಬಾಣಲೆ ಸೀದರೆ ಬರುವ ಹೊಗೆ ಹಕ್ಕಿಗೆ ವಿಷ. ಊದುಬತ್ತಿ ಹಚ್ಚುವ ಕೋಣೆಯೂ ಬೇಡ. ಪಂಜರದಿಂದ ಬಿಡುವ ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ಬಟರ್ ಫ್ರೂಟ್, ಚಾಕೊಲೇಟ್ ಕೊಡಲೇಬೇಡಿ.

ದಿನಾ ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ತೊಂಬತ್ತು ಗ್ರಾಂ ಇದ್ದದ್ದು ಎಂಬತ್ತೊಂದಕ್ಕೆ ಇಳಿದರೆ ಕಾಯಬೇಡಿ, ಹಕ್ಕಿಗಳನ್ನು ನೋಡುವ ವೈದ್ಯರ ಹತ್ತಿರ ಅವತ್ತೇ ಹೋಗಿ. ಕೆಲವು ಮರಿಗಳು ಜಾಗ ಬದಲಾದ ಗಾಬರಿಗೆ ಮತ್ತೆ ಗುಟುಕು ಕೇಳುತ್ತವೆ, ಆಗ ಬೆಚ್ಚಗಿನ ಮೆತ್ತನೆ ತಿನಿಸನ್ನು ಚಮಚದ ತುದಿಯಲ್ಲಿ ಹಿಡಿದರೆ ಸಾಕು.

ಪಕ್ಕದ ಮನೆಯ ಹುಡುಗಿಯನ್ನು ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ತಿನಿಸನ್ನು ಥರ್ಮಾಮೀಟರ್ ಇಟ್ಟು 40 ಡಿಗ್ರಿ ಆಸುಪಾಸಿನಲ್ಲಿ ಕೊಡುವುದನ್ನು, ಸಿರಿಂಜ್ ಹಿಡಿಯುವುದನ್ನು ಅವರು ಹೇಳಿಕೊಟ್ಟರು. ಮರಿಗೆ ಈಗ ಒಂಬತ್ತು ವಾರ ಆಗಿರಬಹುದು. ನಿನ್ನೆ ಅವಳು ಒಂದು ಫೋಟೊ ಕಳಿಸಿದ್ದಳು, ಬಟ್ಟಲಿನ ಪಕ್ಕ ನಾಲ್ಕೈದು ನವಣೆ ಸಿಪ್ಪೆ.