ತಿಂಗಳಿಗೆ 14 ಕೆಜಿ ಉಪ್ಪು, ಈಗ 9

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ದಿನಕ್ಕೆ 80 ಊಟ ಹೋಗುತ್ತವೆ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಬಿಪಿ ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟು "ಉಪ್ಪು ಕಡಿಮೆ ಮಾಡ್ರಿ" ಎಂದರು. ಎಷ್ಟು ಅಂತ ಕೇಳಿದೆ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ ಅಂದರು.

ಮನೆಗೆ ಬಂದವಳೇ ಕಿರಾಣಿ ಚೀಟಿ ತೆಗೆದು ಲೆಕ್ಕ ಹಾಕಿದೆ. ತಿಂಗಳಿಗೆ 2,400 ಊಟ, 14 ಕೆಜಿ ಉಪ್ಪು. ಒಂದು ಊಟಕ್ಕೆ ಹತ್ತಿರ ಹತ್ತಿರ 6 ಗ್ರಾಂ! ಕಾಲೇಜಿನ ಹುಡುಗರು ಎರಡೂ ಹೊತ್ತು ನಮ್ಮಲ್ಲೇ ಉಣ್ಣುತ್ತಾರೆ, ಅವರದ್ದು ಎಷ್ಟಾಯಿತು ನೋಡಿ. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತನಾಳದ ಮೇಲೆ ಒತ್ತಡ ಬೀಳುತ್ತದೆ, ಹೃದಯಕ್ಕೆ ದುಡಿತ ಹೆಚ್ಚುತ್ತದೆ.

ಒಂದೇ ಸಲಕ್ಕೆ ಅರ್ಧ ಮಾಡಿದ್ದು ತಪ್ಪಾಯಿತು. "ಅಕ್ಕಾರ, ಪಲ್ಯ ಸಪ್ಪಗಾಗೇದ್ರಿ" ಅಂತ ಉಪ್ಪು ಕೇಳಿ ಮೇಲೆ ಸುರಿದುಕೊಂಡರು. ಆಮೇಲೆ ಕೈಯಲ್ಲಿ ಹಾಕೋದು ಬಿಟ್ಟು ಚಮಚದಲ್ಲಿ ಅಳೆಯತೊಡಗಿದೆ, ತಿಂಗಳಿಗಿಷ್ಟು ಅಂತ ಇಳಿಸುತ್ತಾ ಬಂದೆ. ನಾಲಿಗೆ ಹೊಂದಿಕೊಂಡಿತು, ಯಾರೂ ಕೇಳಲಿಲ್ಲ. ಜೋಳದ ರೊಟ್ಟಿಗೆ ಮೊದಲಿಂದಲೂ ಉಪ್ಪಿಲ್ಲ, ಅದು ನಮ್ಮ ಕಡೆಯ ಪುಣ್ಯ. ಅನ್ನಕ್ಕೂ ನಿಲ್ಲಿಸಿದೆ. ಕಾಳುಪಲ್ಯಕ್ಕೆ ಒಲೆಯಿಂದ ಇಳಿಸುವ ಮುಂಚೆ ಉಪ್ಪು ಹಾಕುತ್ತೇನೆ, ಕಡಿಮೆ ಇದ್ದರೂ ನಾಲಿಗೆಗೆ ತಾಗುತ್ತದೆ. ಬೆಳ್ಳುಳ್ಳಿ, ಹುಣಸೆಹುಳಿ ಸ್ವಲ್ಪ ಜಾಸ್ತಿ, ತಾಟಿಗೊಂದು ನಿಂಬೆ ಹೋಳು. ಉಪ್ಪಿನಕಾಯಿಯಲ್ಲೂ ಉಪ್ಪು ಇಳಿಸಿದ್ದೆ, ಒಂದು ಭರಣಿ ಪೂರ್ತಿ ಬೂಷ್ಟು ಹಿಡಿಯಿತು. ಈಗ ಹಾಕೋದು ಹಳೇ ಅಳತೆಯಲ್ಲೇ, ಬಡಿಸೋದು ಅರ್ಧ, ಅದೂ ಕೇಳಿದವರಿಗೆ.

ಸೋಡಿಯಂ ಕಡಿಮೆ ಇರುವ ಉಪ್ಪು ಬಳಸಿ ಅಂತ ಒಬ್ಬರು ಹೇಳಿದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ಉಣ್ಣಲು ಬಂದವರಲ್ಲಿ ಯಾರಿಗೆ ಏನಿದೆಯೋ, ಹೇಳದೆ ಕೇಳದೆ ಹಾಕೋದು ಸರಿಯಲ್ಲ ಅಲ್ವಾ?

ಬ್ರಿಟನ್ನಿನಲ್ಲಿ ಬ್ರೆಡ್ಡಿನಂಥ ಕಂಪನಿ ತಿನಿಸುಗಳ ಉಪ್ಪನ್ನು ಹೀಗೇ ಸ್ವಲ್ಪಸ್ವಲ್ಪ ಇಳಿಸಿದರು. 2003ರಲ್ಲಿ ಒಬ್ಬರಿಗೆ ದಿನಕ್ಕೆ 9.5 ಗ್ರಾಂ ಇದ್ದದ್ದು 2011ಕ್ಕೆ 8.1 ಆಯಿತು. ಅಲ್ಲಿ ಉಪ್ಪು ಬರೋದು ಕಾರ್ಖಾನೆಯಿಂದ, ನಮ್ಮಲ್ಲಿ ಹೆಚ್ಚು ಬರೋದು ಒಲೆ ಮುಂದೆ ನಿಂತವರ ಕೈಯಿಂದ. ಹಾಗಾಗಿ "ಉಪ್ಪು ಕಡಿಮೆ ತಿನ್ನಿ" ಅಂತ ಸುಮ್ನೆ ಗೋಡೆ ಮೇಲೆ ಬರೆಸಿದರೆ ಸಾಲದು. ಹಾಸ್ಟೆಲ್, ಬಿಸಿಯೂಟ, ಖಾನಾವಳಿಯ ಅಡುಗೆಯವರನ್ನು ಕರೆದು, ಕೈಗೆ ಅಳತೆ ಚಮಚ ಕೊಟ್ಟು ಸರ್ಕಾರ ಕಲಿಸಬೇಕು. ನನಗೆ ಲೈಸೆನ್ಸ್ ಕೊಡುವಾಗ ನೀರು, ಸ್ವಚ್ಛತೆ ಎಲ್ಲ ಕೇಳಿದರು, ಉಪ್ಪಿನ ಮಾತು ಬರಲೇ ಇಲ್ಲ.

ಈಗ ತಿಂಗಳಿಗೆ 9 ಕೆಜಿ, ಊಟಕ್ಕೆ 4 ಗ್ರಾಂ ಒಳಗೆ ಬಂದಿದೆ. ಎರಡು ಹೊತ್ತಿಗೆ 5 ದಾಟದಂತೆ 2.5ಕ್ಕೆ ತರಬೇಕು. ಯಜಮಾನರ ಗುಳಿಗೆ ನಡೆದೇ ಇದೆ, ಅದನ್ನು ನಿಲ್ಲಿಸುವಂತಿಲ್ಲ. ಈ ತಿಂಗಳಿಂದ ಶೇಂಗಾ ಚಟ್ನಿಯ ಉಪ್ಪಿಗೆ ಕೈ ಹಾಕಿದ್ದೇನೆ.