ಆಫೀಸಿನ ಹಬ್ಬಕ್ಕೆ ಅತಿಥಿಯಾಗಿ ಕರೆದರೆ: ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಆಸ್ಟ್ರೇಲಿಯಾಕ್ಕೆ ಹೋದ ಹೊಸಬರಿಗೆ

ರಜೆಗೆ ಶಿರಸಿಯ ಮನೆಗೆ ಬಂದಿದ್ದೇನೆ. ಮೊನ್ನೆ ಸಿದ್ದಾಪುರದ ಹುಡುಗನೊಬ್ಬ ಬಂದು ಜಗಲಿಯಲ್ಲಿ ಕೂತ. ಮೆಲ್ಬರ್ನ್‌ನಲ್ಲಿ ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿದೆ, ತಮ್ಮನ ಉಪನಯನಕ್ಕೆ ಊರಿಗೆ ಬಂದವನು. ಆಫೀಸಿನ ಹಾರ್ಮನಿ ವೀಕ್ (ಸೌಹಾರ್ದ ವಾರ) ಕಾರ್ಯಕ್ರಮಕ್ಕೆ ಅವನೇ ಅತಿಥಿಯಂತೆ. ಐದು ನಿಮಿಷ ಮಾತಾಡಬೇಕಂತೆ. "ಇಡೀ ಇಂಡಿಯಾದ ಬಗ್ಗೆ ನಾನೇನು ಹೇಳಲಿ, ಅಣ್ಣಾ?" ಎಂದ. ನನಗೂ ಒಮ್ಮೆ ಇದೇ ಗಾಬರಿ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಇದು ಬರೀ ತಿಂಡಿ ಹಬ್ಬ ಅಲ್ಲ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟನೆಗೆ ಸೇರಿದ್ದ ಕರಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಆ ದಿನವನ್ನು ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧದ ದಿನವೆಂದು ಗುರುತಿಸಿತು. ಆಸ್ಟ್ರೇಲಿಯಾದಲ್ಲಿ 1999ರಿಂದ ಅದೇ ದಿನ ಹಾರ್ಮನಿ ಡೇ. ಈಗ ವಾರವಿಡೀ ನಡೆಯುತ್ತದೆ. ಅದರ ಬಣ್ಣ ಕಿತ್ತಳೆ. ಹಾಕಿಕೊಂಡು ಹೋಗಿ, ಚೆನ್ನಾಗಿರುತ್ತದೆ.

ನಮ್ಮಲ್ಲಿ ಅತಿಥಿ ಎಂದರೆ ವೇದಿಕೆ, ಹಾರ, ಶಾಲು. ಅಲ್ಲಿ ಚಹಾ ಕಪ್ ಹಿಡಿದು ಎಲ್ಲರ ಜೊತೆ ನಿಂತಿರುತ್ತೀರಿ. ಅದನ್ನು ಅಸಡ್ಡೆ ಎಂದುಕೊಳ್ಳಬೇಡಿ. ಸ್ವಲ್ಪ ಮೊದಲೇ ಹೋಗಿ. ನಿಮ್ಮ ಹೆಸರನ್ನು ಹೇಗೆ ಹೇಳಬೇಕೆಂದು ನಿರೂಪಕರಿಗೆ ಹೇಳಿಕೊಡಿ. ಐದು ನಿಮಿಷ ಎಂದರೆ ಐದೇ ನಿಮಿಷ.

ಶುರುವಿನಲ್ಲಿ ಆ ನೆಲದ ಮೂಲನಿವಾಸಿಗಳನ್ನು ನೆನೆಯುತ್ತಾರೆ. ಇದಕ್ಕೆ ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ ಎನ್ನುತ್ತಾರೆ, ಯಾರು ಬೇಕಾದರೂ ಹೇಳಬಹುದು. ಆ ನೆಲಕ್ಕೆ ಸ್ವಾಗತಿಸುವ ವೆಲ್‌ಕಮ್ ಟು ಕಂಟ್ರಿ ಬೇರೆ. ಅದನ್ನು ಆ ಸಮುದಾಯದವರೇ ಮಾಡಬೇಕು. ಮೆಲ್ಬರ್ನ್‌ನ ಬಹುಭಾಗ ವುರುಂಡ್ಜೆರಿ ಜನರ ನೆಲ. ಆ ಹೆಸರನ್ನು ನಾಲ್ಕು ಸಲ ಬಾಯಲ್ಲಿ ಹೇಳಿ ರೂಢಿಸಿಕೊಂಡು ಹೋಗಿ. ನಮ್ಮ ಹೆಸರನ್ನು ಅವರು ಸರಿಯಾಗಿ ಹೇಳಲಿ ಎಂದು ನಮಗೆ ಆಸೆ ಇರುತ್ತದೆ, ಅಲ್ವಾ?

ಇನ್ನು ಮಾತು. ಮೊದಲ ವರ್ಷ ನಾನು ತಾಜ್‌ಮಹಲ್, ದೀಪಾವಳಿ, ಕ್ರಿಕೆಟ್ ಎಲ್ಲ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ವಿಯೆಟ್ನಾಂ ಮೂಲದ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು, "ನಿಮ್ಮ ಊರು ಹೇಗಿದೆ?" ಎಂದು ಕೇಳಿದರು. ಅವರಿಗೆ ಮುಂಡಗೋಡದ ಬಗ್ಗೆ ಹೇಳಿದೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಟಿಬೆಟಿನಿಂದ ಬಂದವರು 1960ರ ದಶಕದಿಂದ ನೆಲೆಸಿದ್ದಾರೆ, ಯಲ್ಲಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರಿದ್ದಾರೆ, ಭಟ್ಕಳದಲ್ಲಿ ಅರಬ್ ಮೂಲದ ನವಾಯತ ಮುಸ್ಲಿಮರು ನವಾಯತಿ ಮಾತಾಡುತ್ತಾರೆ, ಕಾರವಾರದಲ್ಲಿ ಕೊಂಕಣಿ ಎಂದೆ. ಅವರು ಕದಲದೆ ಕೇಳಿದರು. ವೇದಿಕೆಯಲ್ಲಿ ಹೇಳಬೇಕಾಗಿದ್ದದ್ದು ಇದನ್ನೇ ಎಂದು ಆಗ ಗೊತ್ತಾಯಿತು. ನಾಲ್ಕು ನಾಡಿನವರು ಒಟ್ಟಿಗೆ ಬದುಕುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಇಂಡಿಯಾವನ್ನೆಲ್ಲ ಹೊತ್ತುಕೊಂಡು ಹೋಗಬೇಡಿ. ನಿಮ್ಮ ಊರನ್ನು ಒಯ್ಯಿರಿ, ಸಾಕು.

ಏನು ಉಡಬೇಕೆಂಬ ಚಿಂತೆಯೂ ಬೇಡ. ಗಿಡ ನೆಟ್ಟು ಬೆಳೆಸಿ ಹೆಸರಾದ ಅಂಕೋಲಾ ಕಡೆಯ ತುಳಸಿ ಗೌಡ ಅವರು 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದದ್ದು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ. ಆ ಚಿತ್ರ ನೆನಪಿಟ್ಟುಕೊಳ್ಳಿ.

ಊಟದ್ದು ಒಂದು ಮಾತು. ಆಹ್ವಾನದಲ್ಲಿ 'ಬ್ರಿಂಗ್ ಎ ಪ್ಲೇಟ್' ಎಂದಿದ್ದರೆ ತಟ್ಟೆ ಅಲ್ಲ, ಹಂಚಿ ತಿನ್ನಲು ಏನಾದರೂ ತನ್ನಿ ಎಂದರ್ಥ. ಅತಿಥಿಗೂ ಇದು ಅನ್ವಯಿಸುತ್ತದಾ ಎಂದು ಕೇಳಿ. ಶಾಕಾಹಾರಿಗಳಾದರೆ ಮೊದಲೇ ಹೇಳಿ, ಮೊಟ್ಟೆ ತಿನ್ನುವುದಿಲ್ಲ ಎಂದು ಬೇರೆಯೇ ಹೇಳಿ.

ಆಯಿ ಕಟ್ಟಿಕೊಟ್ಟ ತೊಡದೇವು (ಕಾದ ಮಡಕೆಯ ಮೇಲೆ ತೆಳ್ಳಗೆ ಹಚ್ಚಿ ಮಾಡುವ ಗರಿಗರಿ ಸಿಹಿ) ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿ ಇದೆ ಎಂದು ತಪ್ಪದೆ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜಾಸ್ತಿ. ಆಫೀಸಿನಲ್ಲಿ ಇಡುವಾಗ ಪಕ್ಕದಲ್ಲೊಂದು ಚೀಟಿ ಇರಲಿ: ಅಕ್ಕಿ, ಕಬ್ಬಿನಹಾಲು, ತುಪ್ಪ. ಮಡಕೆಗೆ ಶೇಂಗಾ ಎಣ್ಣೆ ಸವರಿದ್ದರೆ ಅದನ್ನೂ ಬರೆಯಿರಿ, ಅಲ್ಲಿ ಶೇಂಗಾ ಅಲರ್ಜಿ ಪ್ರಾಣಕ್ಕೇ ಬರುತ್ತದೆ. ಡಬ್ಬಿಯನ್ನು ನಿಮ್ಮ ಮಾತು ಮುಗಿದ ಮೇಲೆಯೇ ತೆರೆಯಿರಿ, ಗಾಳಿ ತಾಗಿದರೆ ತೊಡದೇವು ಮೆತ್ತಗಾಗುತ್ತದೆ.