ಮನಾಲಿಯಲ್ಲಿ ಬಾಡಿಗೆ ಮನೆ: ಗಾಳಿ ಬಿಡಿ, ಬಿಸಿಲು ನೋಡಿ

ಮಳೆಗಾಲ ಹಿಡಿಯಿತೆಂದರೆ ಗೋಕರ್ಣದ ಕುಡ್ಲೆ, ಓಂ ಬೀಚಿನ ಕಡೆ ಹೋಟೆಲ್ ಕೆಲಸ ತಣ್ಣಗಾಗುತ್ತದೆ. ಆಗ ಕೆಲವು ಹುಡುಗರು ಬ್ಯಾಗು ಕಟ್ಟಿಕೊಂಡು ಹಿಮಾಚಲದ ದಾರಿ ಹಿಡಿಯುತ್ತಾರೆ. ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುವವರಿಗೂ ಕಾರವಾರದ ಸೆಕೆ ಸಾಕಾಗಿ, ಒಂದು ವರ್ಷ ಮನಾಲಿಯಲ್ಲಿ ಇದ್ದು ನೋಡೋಣ ಅನ್ನಿಸುವುದುಂಟು. ನಾಲ್ಕು ದಿನಕ್ಕಾದರೆ ಯಾವ ಲಾಡ್ಜಾದರೂ ನಡೆಯುತ್ತದೆ. ಚಳಿಗಾಲವನ್ನೂ ಅಲ್ಲೇ ಕಳೆಯುವುದಾದರೆ ಮನೆ ಹುಡುಕುವ ರೀತಿಯೇ ಬೇರೆ.

ನಮ್ಮ ಕಡೆಯವರು ಮನೆ ನೋಡುವಾಗ ಗಾಳಿ ಆಡುತ್ತದಾ, ನೆರಳಿದೆಯಾ, ಕಿಟಕಿ ದೊಡ್ಡದಿದೆಯಾ ಅಂತ ನೋಡುತ್ತೇವೆ. ಹತ್ತಿರ ಹೊಳೆ ಇದ್ದರಂತೂ ಖುಷಿಯೋ ಖುಷಿ. ಮನಾಲಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿ, ಜನವರಿಯ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ಈ ನಾಲ್ಕೂ ಗುಣ ಇರುವ ಮನೆಯೇ ನಿಮ್ಮನ್ನು ಗೋಳಾಡಿಸುತ್ತದೆ.

ಮೊದಲು: ಇಲ್ಲಿಂದಲೇ ಅಡ್ವಾನ್ಸ್ ಹಾಕಬೇಡಿ

ಫೋಟೊ ನೋಡಿ, ಫೋನಿನಲ್ಲೇ ದುಡ್ಡು ಕಳಿಸಿ, ಬೀಗದ ಕೈ ಸಿಕ್ಕಿತು ಅಂದುಕೊಂಡು ಹೊರಡುವುದು ಬೇಡ. ಫೋಟೊಕ್ಕೆ ಚಳಿ ಗೊತ್ತಾಗುವುದಿಲ್ಲ. ಮಡಗಾಂವಿನಿಂದ ಚಂಡೀಗಢಕ್ಕೆ ಗೋವಾ ಸಂಪರ್ಕ ಕ್ರಾಂತಿ ರೈಲು ಇದೆ. ಅಲ್ಲಿಂದ ಮುಂದೆ ಸುಮಾರು 300 ಕಿಲೋಮೀಟರ್ ಬಸ್ಸು. ಹೋದ ಮೇಲೆ ಎರಡು ವಾರ ಯಾವುದಾದರೂ ಅಗ್ಗದ ಹೋಮ್‌ಸ್ಟೇ ಹಿಡಿದು ಸುತ್ತಾಡಿ.

ಯಾವಾಗ ಹೋಗುತ್ತೀರಿ ಅನ್ನುವುದೂ ಮುಖ್ಯ. ಮೇ, ಜೂನ್ ಅಂದರೆ ಪ್ರವಾಸಿಗರ ಜಾತ್ರೆ. ದಿನದ ಲೆಕ್ಕದಲ್ಲಿ ಕೋಣೆ ಕೊಟ್ಟು ದುಡ್ಡು ಮಾಡುವ ಹೊತ್ತಿನಲ್ಲಿ ತಿಂಗಳ ಬಾಡಿಗೆಯವರನ್ನು ಯಾರು ಕೇಳುತ್ತಾರೆ? ಅಕ್ಟೋಬರ್, ನವೆಂಬರ್ ಒಳ್ಳೆಯದು. ಗಲಾಟೆ ಇಳಿದಿರುತ್ತದೆ, ಚಳಿಯ ರುಚಿಯೂ ಸ್ವಲ್ಪ ಸಿಕ್ಕಿರುತ್ತದೆ.

ಎರಡನೆಯದು: ಯಾವ ದಡ, ಯಾವ ಊರು

ಬಿಯಾಸ್ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಎರಡೂ ಕಡೆ ಎತ್ತರದ ಗುಡ್ಡ. ಹಾಗಾಗಿ ಬಿಸಿಲು ದಡದ ಲೆಕ್ಕದಲ್ಲಿ ಹಂಚಿಹೋಗುತ್ತದೆ. ಪಶ್ಚಿಮದ ದಡದಲ್ಲಿರುವ ಓಲ್ಡ್ ಮನಾಲಿಗೆ ಬೆಳಗಿನ ಬಿಸಿಲು ಬೇಗ, ಆದರೆ ಚಳಿಗಾಲದಲ್ಲಿ ಮಧ್ಯಾಹ್ನ ದಾಟುತ್ತಿದ್ದ ಹಾಗೇ ಸೂರ್ಯ ಹಿಂದಿನ ಗುಡ್ಡಕ್ಕೆ ಮರೆಯಾಗುತ್ತಾನೆ. ಎದುರು ದಡದ ವಶಿಷ್ಠ್‌ನಲ್ಲಿ ಬೆಳಿಗ್ಗೆ ತಡ, ಸಂಜೆ ತನಕ ಬಿಸಿಲು ಜಾಸ್ತಿ. ರಾತ್ರಿ ಪಾಳಿ ಮಾಡಿ ತಡವಾಗಿ ಏಳುವವರಿಗೆ ವಶಿಷ್ಠ್ ವಾಸಿ ಅಂತ ನನ್ನ ಅಭಿಪ್ರಾಯ. ಅಲ್ಲಿ ಬಿಸಿನೀರಿನ ಬುಗ್ಗೆ ಬೇರೆ ಇದೆ, ಗಂಧಕದ ವಾಸನೆಗೆ ಮೂಗು ಒಗ್ಗಿಸಿಕೊಂಡರೆ ಸ್ನಾನದ ಚಿಂತೆ ಇಲ್ಲ. ದಾರಿ ಮಾತ್ರ ಏರು.

ಓಲ್ಡ್ ಮನಾಲಿ ಕೆಫೆಗಳ ಊರು. ಕೆಲಸ ಅಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಸೀಸನ್ನಿನಲ್ಲಿ ಹಾಡು, ಹಾರ್ನು ಎರಡನ್ನೂ ಸಹಿಸಬೇಕು. ಹಿಡಿಂಬಾ ದೇವಸ್ಥಾನದ ಸುತ್ತಿನ ಢುಂಗ್ರಿಯಲ್ಲಿ ದೇವದಾರು ಕಾಡು ಕಣ್ಣಿಗೆ ಹಬ್ಬ. 1553ರ ದೇವಸ್ಥಾನ ಅದು, ದಿನಾ ನೋಡಿದರೂ ಬೇಸರವಾಗುವುದಿಲ್ಲ. ಆದರೆ ಆ ಮರಗಳ ಅಡಿಯಲ್ಲಿ ಮನೆ ಮಾಡಿದರೆ ಬಿಸಿಲಿಗೆ ಹೊರಗೆ ಬಂದು ನಿಲ್ಲಬೇಕು. ಮಾಲ್ ರೋಡಿನ ಹಿಂದಿನ ಮಾಡೆಲ್ ಟೌನಿನಲ್ಲಿ ಅಂಗಡಿ, ಬಸ್ಸು ಎಲ್ಲ ಕಾಲಬುಡದಲ್ಲೇ.

ದಿನಾ ಮನಾಲಿಯಲ್ಲೇ ಇರಬೇಕಾದ ಕೆಲಸ ಅಲ್ಲವಾದರೆ ಕೆಳಗೆ ಇಳಿಯಿರಿ. ಸುಮಾರು 20 ಕಿಲೋಮೀಟರ್ ದೂರದ ನಗ್ಗರ್ ನಿಧಾನದ ಊರು. ಇನ್ನೂ ಕೆಳಗಿನ ಕುಲ್ಲು 1,200 ಮೀಟರ್ ಆಸುಪಾಸಿನಲ್ಲಿದೆ, ಅಲ್ಲಿ ಚಳಿ ಅಷ್ಟು ಕಚ್ಚುವುದಿಲ್ಲ. ಮೀನಿಲ್ಲದೆ ಊಟ ಸೇರದವರಿಗೆ ಇನ್ನೊಂದು ಮಾತು: ದಾರಿಯಲ್ಲಿ ಸಿಗುವ ಪತ್ಲಿಕುಹಲ್‌ನಲ್ಲಿ ಸರ್ಕಾರದ ಟ್ರೌಟ್ ಮೀನು ಸಾಕಣೆ ಕೇಂದ್ರ ಇದೆ. ಬಂಗಡೆಯ ಆಸೆ ಮಾತ್ರ ರಜೆಗೆ ಊರಿಗೆ ಬಂದಾಗಲೇ ತೀರಬೇಕು.

ನದಿಯ ಅಂಚಿನ ಮನೆ ಎಷ್ಟೇ ಚೆಂದ ಇರಲಿ, ಬಿಡಿ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಬಂದು ಹೆದ್ದಾರಿಯನ್ನೂ ದಡದ ಕಟ್ಟಡಗಳನ್ನೂ ಕಿತ್ತುಕೊಂಡು ಹೋಯಿತು. ಮನೆಯ ಹಿಂಬದಿಗೂ ಒಂದು ಸುತ್ತು ಹೋಗಿ. ರಸ್ತೆಗೋ ಕಟ್ಟಡಕ್ಕೋ ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರಾ, ಮಣ್ಣು ಜಾರಿದ ಗುರುತಿದೆಯಾ ನೋಡಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು: ಒಂದೇ ಮನೆಯನ್ನು ಎರಡು ಸಲ ನೋಡಿ

ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದು ಸಲ. ಮಲಗುವ ಕೋಣೆಯ ನೆಲದ ಮೇಲೆ ಬಿಸಿಲು ಎಲ್ಲಿಯ ತನಕ ಬಿದ್ದಿದೆ ನೋಡಿ. ದಕ್ಷಿಣಕ್ಕೆ ಕಿಟಕಿ ಇದ್ದರೆ ಚಳಿಗಾಲದ ತಗ್ಗು ಸೂರ್ಯ ಒಳಗೆ ಬರುತ್ತಾನೆ, ಸಂಜೆ ಹೊತ್ತಿಗೆ ಗೋಡೆ ಮುಟ್ಟಿದರೆ ಸ್ವಲ್ಪ ಬೆಚ್ಚಗಿರುತ್ತದೆ. ಉತ್ತರದ ಗೋಡೆಯನ್ನು ಕೈಯಿಂದ ಮುಟ್ಟಿ, ಕಪಾಟಿನ ಹಿಂದೆ ಮೂಗಿಟ್ಟು ನೋಡಿ. ಬೂಷ್ಟಿನ ವಾಸನೆ ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಕೋಣೆ ಚಿಕ್ಕದು, ಮಾಡು ತಗ್ಗು ಅಂತ ಮೂಗು ಮುರಿಯಬೇಡಿ. ಚಿಕ್ಕ ಕೋಣೆ ಬೇಗ ಬಿಸಿಯಾಗುತ್ತದೆ. ಅಲ್ಲಿನ ಹಳೆಯ ಮನೆಗಳನ್ನು ಕಾಠ್‌ಕುಣಿ ಅನ್ನುತ್ತಾರೆ. ದೇವದಾರು ತೊಲೆ, ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು, ಹೀಗೆ ಸಿಮೆಂಟಿಲ್ಲದೆ ಪೇರಿಸಿದ ದಪ್ಪ ಗೋಡೆ, ಕೆಳಗೆ ದನದ ಕೊಟ್ಟಿಗೆ, ಮೇಲೆ ಜನ. ಚಳಿಗೆ ಅದೇ ಸರಿ. ಹೊಸ ಕಾಂಕ್ರೀಟು ಮನೆಯಾದರೆ ಗೋಡೆಗೆ ಒಳಗಿಂದ ಮರದ ಹಲಗೆ ಹೊಡೆದಿದ್ದಾರಾ ನೋಡಿ. ಗೋಡೆ ತುಂಬ ಗಾಜು, ನೆಲಕ್ಕೆ ನುಣುಪು ಟೈಲ್ಸ್ ಹಾಕಿದ ಮನೆ ಪ್ರವಾಸಿಗರಿಗೆ, ನಿಮಗಲ್ಲ. ಕಿಟಕಿ ಮುಚ್ಚಿ ಸಂದಿಗೆ ಅಂಗೈ ಹಿಡಿಯಿರಿ. ಗಾಳಿ ತಾಗಿದರೆ ಆ ಸಂದಿ ಮುಚ್ಚಿಸಿಕೊಡಿ ಅಂತ ಆಗಲೇ ಹೇಳಿ.

ನಾಲ್ಕನೆಯದು: ನೀರು, ಕರೆಂಟು, ಬೆಂಕಿ

ಮಳೆಗಾಲದಲ್ಲಿ ನೀರು ಬಿಟ್ಟು ಬೇರೇನೂ ಕಾಣದ ನಾವು ನೀರಿನ ಬಗ್ಗೆ ಕೇಳುವುದನ್ನೇ ಮರೆಯುತ್ತೇವೆ. ಅಲ್ಲಿ ಪೈಪಿನೊಳಗೆ ನೀರು ಗಟ್ಟಿಯಾಗಿ ಕೂತುಬಿಡುತ್ತದೆ, ಕೆಲವೊಮ್ಮೆ ಪೈಪೇ ಒಡೆಯುತ್ತದೆ. ಪೈಪು ನೆರಳಿನ ಗೋಡೆಯ ಮೇಲೆ ಬಯಲಿಗೇ ಹಾದುಹೋಗಿದ್ದರೆ ತಾಪತ್ರಯ ಖಾತ್ರಿ. ಅದಕ್ಕೇನಾದರೂ ಸುತ್ತಿದ್ದಾರಾ, ಟ್ಯಾಂಕು ಬಯಲಲ್ಲಿದೆಯಾ, ನೀರು ಹೆಪ್ಪುಗಟ್ಟಿದರೆ ಎಲ್ಲಿಂದ ತರಬೇಕು, ಎಲ್ಲ ಕೇಳಿ. ಇದನ್ನು ಮನೆ ಮಾಲೀಕರಿಗಿಂತ ಪಕ್ಕದ ಮನೆಯ ಬಾಡಿಗೆದಾರರ ಹತ್ತಿರ ಕೇಳುವುದು ಒಳ್ಳೆಯದು. ಮಾಲೀಕರು ‘ಪಾನಿ ಕೀ ಕೋಯಿ ಟೆನ್ಶನ್ ನಹೀ’ ಅನ್ನದೆ ಇನ್ನೇನು ಅನ್ನುತ್ತಾರೆ?

ಕರೆಂಟಿನ ಲೆಕ್ಕ ಕೂತು ಹಾಕಿ. 2,000 ವಾಟಿನ ಹೀಟರನ್ನು ದಿನಕ್ಕೆ ಐದು ತಾಸು ಉರಿಸಿದರೆ 10 ಯೂನಿಟ್, ತಿಂಗಳಿಗೆ 300. ಗೀಸರು ಬೇರೆ. ಇಲ್ಲಿ ಗೃಹಜ್ಯೋತಿಯ 200 ಯೂನಿಟ್ ಒಳಗೆ ಸಂಸಾರ ಮಾಡಿದವರಿಗೆ ಬಿಲ್ಲು ನೋಡಿಯೇ ಮೈ ಬೆವರಬಹುದು. ನಿಮ್ಮ ಕೋಣೆಗೆ ಬೇರೆ ಮೀಟರ್ ಇದೆಯಾ, ಯೂನಿಟ್ಟಿಗೆ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಮಾತಾಡಿ. ಹಿಮ ಬಿದ್ದಾಗ ಕರೆಂಟು ಹೋಗುವುದೂ ಉಂಟು, ಹೀಟರ್ ಒಂದನ್ನೇ ನಂಬಿ ಕೂರಬೇಡಿ.

ಅದಕ್ಕೇ ಅಲ್ಲಿನವರು ತಂದೂರ್ ಇಡುತ್ತಾರೆ. ರೊಟ್ಟಿ ಸುಡುವ ತಂದೂರ್ ಅಲ್ಲ, ಕಟ್ಟಿಗೆ ಹಾಕುವ ತಗಡಿನ ಒಲೆ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಮೇಲೆ ಕೆಟಲ್ ಇಟ್ಟರೆ ದಿನವಿಡೀ ಬಿಸಿನೀರು. ಶಿರಸಿ ಕಡೆಯ ಬಚ್ಚಲೊಲೆಗೆ ಕಟ್ಟಿಗೆ ತುರುಕಿ ಬೆಳೆದವರಿಗೆ ಇದು ಎರಡೇ ದಿನದಲ್ಲಿ ಕೈಗೆ ಹತ್ತುತ್ತದೆ. ಕೊಳವೆಯ ಕೂಡುಗಳಲ್ಲಿ ಮಸಿ ಸೋರಿದ ಗೆರೆ ಇದ್ದರೆ ಹೊಗೆ ಒಳಗೆ ಬರುತ್ತಿದೆ ಅಂತಲೇ ಅರ್ಥ, ಬದಲಾಯಿಸಲು ಹೇಳಿ. ಕಟ್ಟಿಗೆ ಯಾರು ಕೊಡುತ್ತಾರೆ, ಎಲ್ಲಿ ಒಟ್ಟಬೇಕು ಅನ್ನುವುದನ್ನೂ ಮಾತಾಡಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದು, ಕಿಟಕಿಯೇ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವುದು, ಎರಡೂ ಪ್ರಾಣಕ್ಕೆ ಎರವು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಡುಗೆಯವರಿಗೊಂದು ಮಾತು. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಿಸಲು ಹೊರಟರೆ ಗ್ಯಾಸು ಖಾಲಿಯಾದೀತು ಹೊರತು ಅಗುಳು ಮೆತ್ತಗಾಗಲಿಕ್ಕಿಲ್ಲ. ಕುಕ್ಕರ್ ಊರಿಂದಲೇ ಒಯ್ಯಿರಿ.

ಐದನೆಯದು: ಕೆಲಸದ ಜಾಗದಿಂದ ನಡೆದು ಬನ್ನಿ

ಮನೆ ಮೆಚ್ಚುಗೆಯಾದರೆ, ನಿಮಗೆ ಕೆಲಸ ಮುಗಿಯುವ ಹೊತ್ತಿಗೇ ಅಲ್ಲಿಂದ ನಡೆದು ನೋಡಿ. ಬೇಸಿಗೆಯಲ್ಲಿ ಹತ್ತು ನಿಮಿಷದ ಇಳಿಜಾರು, ಹಿಮ ಗಟ್ಟಿಯಾದ ಮೇಲೆ ಜಾರುಬಂಡಿ. ಮುಖ್ಯ ರಸ್ತೆಯ ಹಿಮ ತೆಗೆದರೂ ಒಳದಾರಿಯದ್ದು ಹಾಗೇ ಇರಬಹುದು. ಬೈಕ್ ಇಟ್ಟುಕೊಳ್ಳುವ ಯೋಚನೆ ಇದ್ದರೆ ನಿಲ್ಲಿಸುವ ಜಾಗ ರಸ್ತೆ ಮಟ್ಟದಲ್ಲೇ ಇರಲಿ.

ಕೊನೆಗೆ: ಕಾಗದ

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೆ ಹೀಗೆ. ಮೇ, ಜೂನ್ ತಿಂಗಳಲ್ಲೂ ಇದೇ ಬಾಡಿಗೆ, ಮಧ್ಯದಲ್ಲಿ ಬಿಡಿಸುವಂತಿಲ್ಲ ಅನ್ನುವ ಮಾತು ಅದರಲ್ಲಿ ಬರೆಸಿ. ಬಾಯಿಮಾತಿನಲ್ಲಿ ಬಿಟ್ಟರೆ ಸೀಸನ್ ಬಂದಾಗ ‘ಭಾಯಿ, ಎರಡು ತಿಂಗಳು ಬೇರೆ ಕಡೆ ನೋಡಿಕೋ’ ಅನ್ನಿಸಿಕೊಳ್ಳುವ ಫಜೀತಿ. ಹೊರರಾಜ್ಯದವರಿಗೆ ಹಿಮಾಚಲದಲ್ಲಿ ಜಮೀನು ಕೊಳ್ಳಲು ಅಲ್ಲಿನ 1972ರ ಭೂಸುಧಾರಣಾ ಕಾಯ್ದೆಯ 118ನೇ ಕಲಮಿನ ಅಡ್ಡಿ ಇದೆ, ಬಾಡಿಗೆಗೆ ಇರಲು ಅದರ ತೊಡಕಿಲ್ಲ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡಬೇಕಾಗುತ್ತದೆ, ಆಧಾರ್ ಪ್ರತಿ ಮತ್ತು ಫೋಟೊ ಜೊತೆಗಿರಲಿ. ಬೀಗದ ಕೈ ತೆಗೆದುಕೊಳ್ಳುವ ದಿನ ಮೀಟರ್ ರೀಡಿಂಗ್, ನಲ್ಲಿ, ಗೀಸರ್, ತಂದೂರಿನ ಕೊಳವೆ, ಎಲ್ಲದರ ಫೋಟೊ ತೆಗೆದು ಮಾಲೀಕರ ವಾಟ್ಸಾಪಿಗೆ ಆಗಲೇ ಕಳಿಸಿಬಿಡಿ.